ಬದುವಿಗೂ ಒಂದು ಬಿತ್ತಿಗಿ
(ಸಂಘದ ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟ ವಿಷಯ ಸಹಕಾರ ಮತ್ತು ರೈತನ ಏಳಿಗೆ ಎಂಬುದು. ಅದರ ಮೇಲೆ ನಮಗಿಂತ ತಿಳಿದವರು ಮುಂಜಾನೆಯಿಂದ ಮಾತನಾಡಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ರಂಟಿ ಹಿಡಿದವರು, ಮೈಕಿನ ಮುಂದೆ ನಿಂತ ರೂಢಿ ಕಡಿಮೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ನಾವು ಇವತ್ತು ಹೊಲದ ಬದುವಿನ ಬಗ್ಗೆ, ಬದುವಿನ ಮೇಲೆ ಹಾಕುವ ಒಂದು ಬೀಜದ ಬಗ್ಗೆ ಮಾತನಾಡುತ್ತೇವೆ. ಬದುವಿನ ಮ್ಯಾಲೆ ಎಂಥಾ ಭಾಷಣ ಅಂತ ಹಿಂದಿನ ಸಾಲಿನೊಳಗೆ ಕೆಲವರು ನಗಲಿಕ್ಕೆ ಹತ್ತಿದ್ದಾರೆ. ನಗರಿ, ಅಡ್ಡಿಯಿಲ್ಲ. ಬದುವಿನ ಸಲುವಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ ಇದ್ದೀರಿ, ಕೈ ಎತ್ತರಿ ಅಂದರೆ ನಗಿ ತಾನೇ ನಿಲ್ಲತೈತಿ.

ಸಂಘದ ಬಗ್ಗೆ ಎರಡೇ ಮಾತು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಆ ನೆಲದ ಮಗ್ಗಲಿನವರು ನಾವು. ನಮ್ಮ ಸಂಘ ಸುರುವಾದಾಗ ನಮಗೆ ಇಪ್ಪತ್ತರ ಆಸುಪಾಸು ವಯಸ್ಸು. ನಮ್ಮ ಅಪ್ಪ ಷೇರಿನ ಹಣ ತುಂಬಿ ಪಾವತಿಯನ್ನು ದೇವರ ಜಗಲಿ ಮೇಲೆ ಇಟ್ಟಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಸಂಘ ನಮಗೆ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ, ಬೀಜ ಕೊಟ್ಟಿದೆ. ಕಸದೆಣ್ಣಿ ಡಬ್ಬಿಯನ್ನೂ ಕೊಟ್ಟಿದೆ. ಅದರ ಮಾತು ಆಮೇಲೆ ಬರತೈತಿ.

ನಮ್ಮ ಹೊಲ ಮಸಾರಿ, ಅಡಿಯಲ್ಲಿ ಗರಸು, ಮೂಡಣಕ್ಕೆ ಇಳಿಜಾರು. ಅಪ್ಪನ ಕಾಲಕ್ಕೆ ನಮ್ಮ ಹೊಲಕ್ಕೂ ಕಾಕಾನ ಹೊಲಕ್ಕೂ ನಡುವೆ ಇದ್ದ ಬದುವಿನ ಮೇಲೆ ಇಬ್ಬರು ಹುಲ್ಲಿನ ಹೊರೆ ಹೊತ್ತು ಎದುರಾಬದುರಾ ಬಂದರೆ ಒಬ್ಬರಿಗೊಬ್ಬರು ತಾಕದೆ ದಾಟುತ್ತಿದ್ದರು. ಮಳೆಗಾಲದಲ್ಲಿ ಅದರ ಮೇಲೆ ಹುಲ್ಲು, ತುಂಬಿ, ಉತ್ತರಾಣಿ, ನೆಲಕ್ಕೆ ಹಬ್ಬಿದ ವಿಷ್ಣುಕ್ರಾಂತಿ ಎಲ್ಲ ಇರುತ್ತಿದ್ದವು. ಹಿರಿಯರು ಹೋದ ಮೇಲೆ ನಾವೊಂದು ಸಾಲು ಆ ಕಡೆ ಒತ್ತಿ ಹೊಡೆಯುವುದು, ಕಾಕಾನ ಮಗ ಒಂದು ಸಾಲು ಈ ಕಡೆ ಒತ್ತಿ ಹೊಡೆಯುವುದು. ವರ್ಷಕ್ಕೆ ನಾಲ್ಕು ಬೆರಳು ಅಂತ ಹಿಡಿಯಿರಿ. ಕಡೀಕ ಬದು ಅನ್ನುವುದು ಎರಡು ಗೇಣಿಗೆ ಬಂತು. ಆ ಎರಡು ಗೇಣಿನ ಮೇಲೂ ಹಸರು ಇರಬಾರದು, ಅಲ್ಲಿಂದ ಕಸದ ಬೀಜ ಹೊಲಕ್ಕೆ ಬೀಳತೈತಿ ಅಂತ ಬಿತ್ತಿಗಿ ಮುಂಚೆ ಒಮ್ಮೆ, ಬೆಳೆ ನಡುವೆ ಒಮ್ಮೆ ಕಸದೆಣ್ಣಿ ಹೊಡೆದೆವು. ಒಂದು ಮಾತು ಇಲ್ಲಿ ಒಪ್ಪಿಕೊಳ್ಳತೇವಿ. ಮೊದಲು ಹೊಡೆದವರು ನಾವು, ಕಾಕಾನ ಮಗ ಅಲ್ಲ. ಅವನು ನಮ್ಮನ್ನು ನೋಡಿ ಕಲಿತ.

೨೦೧೯ರ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪಿದೆ. ಮಲಪ್ರಭಾ ಹೊಳಿ ರಾಮದುರ್ಗದ ಒಳಗೇ ಬಂದ ವರ್ಷ. ನಮ್ಮ ಹೊಲಕ್ಕೆ ಹೊಳಿ ಬರಲಿಲ್ಲ, ಮ್ಯಾಲಿನ ಮಳಿನೀರೇ ಸಾಕಾತು. ಬೇರು ಸತ್ತ ಬದು ಬೆಲ್ಲದ ಹಂಗ ಕರಗಿ ಮೂರು ಕಡೆ ಒಡೆಯಿತು. ಕೆಂಪು ಮಣ್ಣೆಲ್ಲ ಹೋಗಿ ಗರಸು ಮೇಲೆ ಬಂತು. ನಮ್ಮ ಕೆಳಗಿನ ಹೊಲದ ಹಿರಿಯರು ಮರುದಿನ ಚಾದಂಗಡಿ ಮುಂದೆ ಸಿಕ್ಕು, “ತಮ್ಮಾ, ನಿನ್ನ ಮಣ್ಣು ನಮ್ಮ ಹೊಲದಾಗ ಬಂದು ಕುಂತೈತಿ. ಬಾಡಿಗಿ ಕೇಳಬ್ಯಾಡ ಮತ್ತ” ಅಂದರು. ನಕ್ಕೆವು, ಏನು ಮಾಡುವುದು. ಗೊಬ್ಬರ ಸಂಘದಲ್ಲಿ ಸಾಲಕ್ಕೆ ಸಿಗುತ್ತದೆ. ಹೋದ ಮಣ್ಣಿಗೆ ಯಾವ ಸಂಘದಲ್ಲಿ ಅರ್ಜಿ ಹಾಕಬೇಕು?

ಮರುವರ್ಷ ಬ್ಯಾಸಿಗಿಯಾಗ ಉದ್ಯೋಗ ಖಾತ್ರಿಯಲ್ಲಿ ಬದು ಹಾಕಿಸಿದೆವು. ಒಂದು ಮೀಟರ ಅಗಲ, ಕಾಕಾನ ಮಗನೂ ಒಪ್ಪಿದ. ಆದರೆ ಹೊಸ ಬದು ಅಂದರೆ ಸಡಿಲು ಮಣ್ಣಿನ ಗುಡ್ಡೆ. ಮಿರಗದ ಮಳೆ ಎರಡು ಸಲ ಜೋರು ಹೊಡೆದದ್ದಕ್ಕೆ ಅದರ ಮೈ ಮೇಲೆ ಬೆರಳಿನಿಂದ ಗೀರಿದಂತೆ ಕೊರಕಲು ಬಿದ್ದವು. ಬದು ಕಟ್ಟುವುದು ಅರ್ಧ ಕೆಲಸ, ಅದಕ್ಕೆ ಹೊದಿಕೆ ಹಾಕುವುದು ಇನ್ನರ್ಧ ಎಂಬುದು ನಮಗೆ ಆಗ ತಿಳಿಯಿತು.

ಅದೇ ಶ್ರಾವಣದಲ್ಲಿ ಇನ್ನೊಂದು ಸಂಗತಿ ನಡೆಯಿತು. ಸೋಮವಾರದ ಪೂಜೆಗೆ ನಮ್ಮ ಅವ್ವ ತುಂಬಿ ಹೂವಿಗೆ ಅಂತ ಹೊಲಕ್ಕೆ ಹೋದವರು ಬರಿಗೈಲೆ ಬಂದರು. “ನಿಮ್ಮ ಹೊಲದಾಗ ಶಿವಗ ಏರಸಾಕ ನಾಕು ತುಂಬಿ ಹೂ ಇಲ್ಲ. ಶೀಗಿ ಹುಣ್ಣಿವಿಗೆ ಚರಗ ಚೆಲ್ಲತೀರಿ, ಬದುವಿನ ಗುಂಟ ತಿರುಗಿ ಹುಳಾಹುಪ್ಪಡಿಗೆ ಉಣ್ರಿ ಅಂತೀರಿ. ಮರುದಿನ ಅದ ಬದುವಿಗೆ ಎಣ್ಣಿ ಹೊಡಿತೀರಿ. ಉಣ್ಣಾಕ ಕರದು ವಿಷ ಹಾಕಿದಂಗ ಆಗಲಿಲ್ಲೇನೋ” ಅಂದರು. ಅವ್ವ ಓದು ಬಲ್ಲವರಲ್ಲ. ನಾವು ಉತ್ತರ ಕೊಡಲಿಲ್ಲ.

ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಝಾನ್ಸಿಯಲ್ಲಿರುವ, ೧೯೬೨ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಶಾಖೆ ಅದು. ೨೦೨೧ರ ಬ್ಯಾಸಿಗಿಯಲ್ಲಿ ಬೇರೆ ಕೆಲಸಕ್ಕೆ ಧಾರವಾಡಕ್ಕೆ ಹೋದಾಗ ಅಲ್ಲಿಗೂ ಹೋಗಿ ಬಂದೆವು. ಬದುವಿಗೆ ಹೊದಿಕೆ ಆಗಬೇಕು, ನೀರು ಹಾಯಿಸಬಾರದು, ದನ ತಿನ್ನಬೇಕು, ಅಂಥಾದ್ದು ಏನೈತಿ ಅಂತ ಕೇಳಿದೆವು. ಸ್ಟೈಲೋ ಹಾಕ್ರಿ ಅಂದರು.

ಸ್ಟೈಲೋ ಎಂದರೆ ಸ್ಟೈಲೋಸಾಂಥಿಸ್. ಅದರೊಳಗೆ ಹಮಾಟಾ ಎಂಬ ಜಾತಿ ನಾವು ಹಾಕಿದ್ದು. ಕೆರಿಬಿಯನ್ ದ್ವೀಪಗಳ ಕಡೆಯ ಗಿಡ, ಆಸ್ಟ್ರೇಲಿಯಾದವರು ಮೇವಿಗೆ ಅಂತ ಬೆಳೆಸಿ ಜಗತ್ತಿಗೆ ಪರಿಚಯ ಮಾಡಿದರು. ಗೇಣಿನಿಂದ ಮೊಳಕಾಲೆತ್ತರದವರೆಗೆ ಬೆಳೆದು ಸುತ್ತಲೂ ಹಬ್ಬುತ್ತದೆ. ಒಂದು ತೊಟ್ಟಿಗೆ ಮೂರು ಎಲೆ, ಸಣ್ಣ ಹಳದಿ ಹೂವು. ಹೂವನ್ನು ಹತ್ತಿರದಿಂದ ನೋಡಿದರೆ ಶೇಂಗಾದ ಹೂವಿನ ತಂಗಿಯಂತೆ ಕಾಣುತ್ತದೆ. ನಿಜಕ್ಕೂ ಎರಡೂ ಹತ್ತಿರದ ಸಂಬಂಧಿಗಳೇ. ಶೇಂಗಾದಂತೆ ಇದರ ಬೇರಿನಲ್ಲೂ ಗಂಟುಗಳಿದ್ದು ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುತ್ತದೆ. ಬೀಜದ ತುದಿಗೆ ಒಂದು ಸಣ್ಣ ಕೊಕ್ಕಿ ಇರುತ್ತದೆ, ಹಮಾಟಾ ಅಂದರೆ ಕೊಕ್ಕಿಯುಳ್ಳದ್ದು ಅಂತಲೇ ಅರ್ಥವಂತೆ. ತಮಿಳುನಾಡಿನ ರೈತರು ಇದಕ್ಕೆ ಮುಯಲ್ ಮಸಾಲ್ ಅನ್ನುತ್ತಾರೆ. ಮುಯಲ್ ಅಂದರೆ ಮೊಲ. ನಾವು ಕುದರಿ ಮಸಾಲಿ ಅಂತ ಬೇರೊಂದು ಮೇವಿಗೆ ಅನ್ನುತ್ತೇವಲ್ಲ, ಹಂಗ ಇದು ಮೊಲದ ಮಸಾಲಿ. ಹೆಸರು ಸುಮ್ಮನೆ ಬಂದಿಲ್ಲ ಅನ್ನುವುದು ಮುಂದೆ ತಿಳಿಯಿತು.

ಈಗ ನಮ್ಮ ದಡ್ಡತನದ ಕತಿ ಕೇಳರಿ. ಧಾರವಾಡದಾಗ ಬೀಜ ಹಾಕುವ ಕ್ರಮ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದರು. ನಾವು ಇಪ್ಪತ್ತು ವರ್ಷ ಬಿತ್ತಿದವರು, ಹುಲ್ಲಿನ ಬೀಜಕ್ಕೆ ಏನು ಕ್ರಮ ಅಂತ ಹಾಳೆಯನ್ನು ಅಂಗಿ ಕಿಸೆಯಲ್ಲೇ ಬಿಟ್ಟೆವು, ಅದು ಒಗೆಯುವಾಗ ಹರಿದು ಹೋಯಿತು. ೨೦೨೧ರ ಮಿರಗಕ್ಕೆ ಬೀಜವನ್ನು ಹಂಗೇ ಚೆಲ್ಲಿದೆವು. ನೂರು ಬೀಜಕ್ಕೆ ಹತ್ತು ಹುಟ್ಟಿರಬೇಕು. ಕಾಕಾನ ಮಗ ಬಂದು ನೋಡಿ, “ಅಣ್ಣಾ, ಧಾರವಾಡದವರು ನಿನಗ ಉಸುಕು ಕೊಟ್ಟು ಕಳಸ್ಯಾರ” ಅಂದ.

ಆಮೇಲೆ ಫೋನು ಮಾಡಿ ಕೇಳಿದಾಗ ತಿಳಿಯಿತು, ಈ ಬೀಜದ ಸಿಪ್ಪೆ ಬಹಳ ಗಟ್ಟಿ, ನೀರು ಒಳಗೆ ಇಳಿಯುವುದಿಲ್ಲ. ೮೦ ಡಿಗ್ರಿ ಬಿಸಿಯ ನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ತೆಗೆದು, ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆ ಇಡಬೇಕು. ೨೦೨೨ರಲ್ಲಿ ಮತ್ತೆ ಬೀಜ ತಂದೆವು. ನಮ್ಮ ಮನಿಯವರು ನೀರು ಕಾಸಿದರು. ಎಂಬತ್ತು ಡಿಗ್ರಿ ಅಂದರೆ ಎಷ್ಟು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕುದಿಯುವ ನೀರಿಗೇ ಅರ್ಧ ಬೀಜ ಸುರಿದು ಒಲಿ ಮ್ಯಾಲೆ ಬಿಟ್ಟೆವು. ಅವು ಬೆಂದು ಉಸುಳಿ ಆದವು. ಎಮ್ಮಿಗೆ ಹಾಕಿದೆವು, ಎಮ್ಮಿ ಮಾತ್ರ ದೂರು ಹೇಳಲಿಲ್ಲ. ಉಳಿದ ಅರ್ಧಕ್ಕೆ ನಮ್ಮ ಮನಿಯವರೇ ಲೆಕ್ಕ ಕಂಡುಹಿಡಿದರು. ನಾಲ್ಕು ಚರಿಗಿ ಕುದಿಯುವ ನೀರು ಬೋಗೋಣಿಗೆ ಹಾಕಿ, ಅದಕ್ಕೆ ಒಂದು ಚರಿಗಿ ತಣ್ಣೀರು ಬೆರೆಸಿ, ಒಲಿಯಿಂದ ದೂರ ಇಡುವುದು. ಹೈಸ್ಕೂಲಿನ ಥರ್ಮಾಮೀಟರ ತಂದು ನೋಡಿದರೆ ಎಂಬತ್ತರ ಮೇಲೆ ಒಂದೆರಡು ಡಿಗ್ರಿ ಇತ್ತು. ಬೀಜವನ್ನು ತೆಳು ಅರಿವೆಯಲ್ಲಿ ಸಡಿಲಾಗಿ ಕಟ್ಟಿ ಅದರೊಳಗೆ ಇಳಿಬಿಟ್ಟು, ನಾಲ್ಕು ನಿಮಿಷ ಆದ ಕೂಡಲೇ ಎತ್ತಿ ತಣ್ಣೀರಿಗೆ ಹಾಕುವುದು. ಮುಂಜಾನೆ ನೆರಳಿನಲ್ಲಿ ಹರವಿ, ಕೈಗೆ ಅಂಟದಷ್ಟು ಆರಿದ ಮೇಲೆ ಬಿತ್ತುವುದು. ಈ ಲೆಕ್ಕ ಬರೆದುಕೊಳ್ಳರಿ, ಇವತ್ತಿನ ನಮ್ಮ ಭಾಷಣದಾಗ ಬರಕೊಳ್ಳುವಂಥಾದ್ದು ಇದೊಂದೇ.

ಹೊಲಕ್ಕೆ ಹಾಕುವುದಾದರೆ ಹೆಕ್ಟೇರಿಗೆ ೬ರಿಂದ ೧೦ ಕಿಲೋ ಬೀಜ ಎನ್ನುತ್ತಾರೆ. ನೂರು ಮೀಟರ ಉದ್ದ, ಒಂದು ಮೀಟರ ಅಗಲದ ಬದುವಿಗೆ ೧೦೦ ಗ್ರಾಂ ಹಿಡಿಯಿರಿ, ಸಾಕು. ಬೀಜ ಸಣ್ಣದು, ಕೈಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಅದರ ಹತ್ತು ಪಟ್ಟು ಉಸುಕು ಇಲ್ಲವೆ ಸಾಣಿಸಿದ ತಿಪ್ಪಿಗೊಬ್ಬರ ಬೆರೆಸಬೇಕು. ಬದುವಿನ ಮೈಯನ್ನು ಕುರ್ಪಿಯಿಂದ ತೆಳ್ಳಗೆ ಗೀರಿ, ಬೀಜ ಉದುರಿಸಿ, ಜಾಲಿ ಕಂಟಿ ಒಂದು ಸಲ ಎಳೆದರೆ ಮುಗಿಯಿತು. ಅರ್ಧ ಬೆರಳಿಗಿಂತ ಆಳ ಹೋದರೆ ಮೇಲೆ ಬರಲಾರದು. ಕೂರಿಗಿ ಅಂತೂ ಬೇಡವೇ ಬೇಡ. ಮಿರಗ ಹದವಾದ ಮೇಲೆ ಹಾಕುವುದು ಒಳ್ಳೆಯದು, ಆರಿದ್ರಾದವರೆಗೂ ಆದೀತು. ಮೊದಲ ಒಂದೂವರೆ ತಿಂಗಳು ಗಿಡ ಏನೂ ಬೆಳೆಯುವುದಿಲ್ಲ, ನೋಡಿದರೆ ಬ್ಯಾಸರ ಬರತೈತಿ. ಅದು ಆಗ ಬೇರು ಇಳಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಎತ್ತರದ ಕಸವನ್ನು ಕೈಯಿಂದ ಕೀಳಬೇಕು, ಕುರಿಹಿಂಡು ಹಾಯಬಾರದು. ನಾವು ಕುರಿಯವರಿಗೆ ಎರಡು ತಿಂಗಳು ಈ ಬದು ಬಿಡ್ರಿ, ಮೂರನೇ ವರ್ಷ ನಾವೇ ಕರಿತೇವಿ ಅಂತ ಹೇಳಿದೆವು. ಅವರು ಮಾತು ಉಳಿಸಿಕೊಂಡರು.

೨೦೨೨ರಲ್ಲಿ ಒಂದು ಚಮತ್ಕಾರ ಆಯಿತು. ಹೊಸ ಬೀಜ ಹುಟ್ಟಿತು ಸರಿ, ಹಿಂದಿನ ವರ್ಷ ಸತ್ತವು ಅಂತ ಬಿಟ್ಟಿದ್ದ ಬೀಜಗಳೂ ಹುಟ್ಟಿದವು. ಬ್ಯಾಸಿಗಿಯಲ್ಲಿ ನೆಲ ಕಾದು ಆರಿದಾಗ ಸಿಪ್ಪೆ ತಾನೇ ಸಡಿಲಾಗುತ್ತದಂತೆ. ಅಂದರೆ ಈ ಬೀಜ ಮೊದಲ ಮಳೆಗೆ ನಂಬಿ ಒಮ್ಮೆಲೇ ಎಲ್ಲ ಏಳುವುದಿಲ್ಲ, ಒಂದಿಷ್ಟು ಮುಂದಿನ ವರ್ಷಕ್ಕೆ ಕಾಯ್ದಿಟ್ಟಿರುತ್ತದೆ. ನಮ್ಮ ಭಾಗದಲ್ಲಿ ಮಿರಗ ನಂಬಿ ಎರಡೆರಡು ಸಲ ಬಿತ್ತಿದವರಿಗೆ ಇದರ ಬುದ್ಧಿ ಅರ್ಥವಾಗುತ್ತದೆ.

ಆ ವರ್ಷ ಹುಬ್ಬಿ ಮಳೆ ಹೊತ್ತಿಗೆ ಬದುವೆಲ್ಲ ಹಳದಿ ಚುಕ್ಕಿ. ಮೊದಲು ಬಂದವು ಸಣ್ಣ ನೀಲಿ ಪಾತರಗಿತ್ತಿಗಳು, ಆಮೇಲೆ ಕಡ್ಡಿಜೇನು. ಸಂಜಿಮುಂದ ಮೊಲದ ಹಿಕ್ಕಿ ಕಂಡವು, ಎಳೆ ಕುಡಿ ಕತ್ತರಿಸಿದ ಗುರುತು ಕಂಡಿತು. ಮೊಲದ ಮಸಾಲಿ ಅಂದದ್ದು ಇದಕ್ಕೇ. ಬೆಳವಗಳು ಬೀಜ ಹೆಕ್ಕಲು ಬಂದವು. ಒಂದು ಮುಂಜಾನೆ ಮೇವಿಗೆ ಅಂತ ಕುಡಗೋಲು ಹಾಕಿದಾಗ ಕಾಲಬುಡದಿಂದ ಬುರ್ಲಿ ಭರ್ರನೆ ಎದ್ದಿತು. ಬಗ್ಗಿ ನೋಡಿದರೆ ಆರು ತತ್ತಿ. ಆ ಜಾಗ ಎರಡು ಮಾರು ಬಿಟ್ಟು ಕೊಯ್ದೆವು. ಆವತ್ತಿನಿಂದ ಬದುವನ್ನು ಪೂರ್ತಿ ಒಮ್ಮೆಲೇ ಕೊಯ್ಯುವುದಿಲ್ಲ, ಒಂದು ಕಡೆಯ ಅರ್ಧ ಕೊಯ್ದು ಅದು ಚಿಗುರಿದ ಮೇಲೆ ಇನ್ನರ್ಧ. ಬಿತ್ತಿ ಎಪ್ಪತ್ತೈದು ದಿನಕ್ಕೆ, ಹೂವಾಗುವಾಗ, ನೆಲದಿಂದ ಗೇಣು ಬಿಟ್ಟು ಕೊಯ್ಯಬಹುದು. ಮೊದಲ ವರ್ಷ ಆಸೆ ಮಾಡದೆ ಬೀಜಕ್ಕೆ ಬಿಡುವುದು ಒಳ್ಳೆಯದು.

ನಮ್ಮ ಮಗ್ಗಲಲ್ಲೇ ಮುಧೋಳ-ಬೀಳಗಿ ಭಾಗದ ಯಡಹಳ್ಳಿಯಲ್ಲಿ ೨೦೧೬ರಲ್ಲಿ ಸರ್ಕಾರದವರು ಚಿಂಕಾರ ಎಂಬ ಸಣ್ಣ ಜಿಂಕೆಗೆ ಅಭಯಾರಣ್ಯ ಘೋಷಣೆ ಮಾಡಿದರು. ಒಳ್ಳೆಯ ಕೆಲಸ. ಆದರೆ ಬುರ್ಲಿಗೆ, ಕಡ್ಡಿಜೇನಿಗೆ ಯಾರೂ ಅಭಯಾರಣ್ಯ ಮಾಡುವುದಿಲ್ಲ, ಅವಕ್ಕೆ ನಮ್ಮ ಬದುವೇ ಗತಿ. ಜೇನಿನ ಮಾತು ಹೇಳುವುದು ಪುಣ್ಯದ ಸಲುವಾಗಿ ಅಲ್ಲ. ಉಳ್ಳಾಗಡ್ಡಿ ಬೀಜ ಮನೆಯಲ್ಲೇ ಮಾಡಿಕೊಳ್ಳುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಹುಳ ಬಂದು ಕೂರದಿದ್ದರೆ ಆ ಹೂವಿನ ಗುಂಡಿನಲ್ಲಿ ಕಾಳು ಕಟ್ಟುವುದಿಲ್ಲ, ಸೂರ್ಯಕಾಂತಿಯಲ್ಲೂ ಹಾಗೇ, ಸೌತಿ-ಹೀರಿಯಲ್ಲೂ ಹಾಗೇ. ಉಳ್ಳಾಗಡ್ಡಿ ಹೂ ಬಿಡುವುದು ಬ್ಯಾಸಿಗಿ ಮುಖಕ್ಕೆ, ಸ್ಟೈಲೋ ಹೂ ಆಗ ಇರುವುದಿಲ್ಲ ನಿಜ. ಆದರೆ ಜೇನು ಆ ತಿಂಗಳಿಗೆ ಮಾತ್ರ ಕೂಲಿಗೆ ಬರುವ ಆಳು ಅಲ್ಲ. ವರ್ಷವೆಲ್ಲ ಎಲ್ಲಿಯಾದರೂ ಉಂಡು ಬದುಕಿದ್ದರೆ ತಾನೆ ನಮ್ಮ ಮಡಿಗೆ ಬರುವುದು?

ಇಲ್ಲಿಯವರೆಗೆ ಕಾಕಾನ ಮಗನ ಕಡೆಯ ಅರ್ಧ ಬದು ಸುಟ್ಟಂತೆಯೇ ಇತ್ತು. ಅವನು ಎಣ್ಣಿ ಬಿಟ್ಟಿರಲಿಲ್ಲ. ಬದುವಿನ ನಡುವೆ ಗೆರೆ ಹೊಡೆದಂತೆ ಈ ಕಡೆ ಹಸರು, ಆ ಕಡೆ ಕೆಂಪು. ನಮ್ಮ ಗಿಡಕ್ಕೂ ಎಣ್ಣಿ ಸಿಡಿದು ಅಂಚು ಒಣಗಿತ್ತು. ಅದರ ಮೇಲೆ ಮಾತು ಬೆಳೆದು ನಾಲ್ಕು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ಅಣ್ಣತಮ್ಮಕಿಯೊಳಗೆ ನಾಲ್ಕು ತಿಂಗಳು ಬಹಳ ಅಲ್ಲ ಅನ್ನಬಹುದು, ಆದರೆ ಆ ನಡುವೆ ಅವರ ಮನೆಯಲ್ಲಿ ಒಂದು ಕುಬಸ ಆಯಿತು, ನಮ್ಮ ಅವ್ವ ಹೋಗಲಿಲ್ಲ.

೨೦೨೩ ಬರದ ವರ್ಷ. ರಾಜ್ಯದಲ್ಲಿ ೨೨೩ ತಾಲೂಕು ಬರ ಅಂತ ಘೋಷಣೆ ಆದವು. ಕಣಿಕಿ ಬಣವಿ ಇಲ್ಲದವರ ಪಾಡು ಇಲ್ಲಿ ಬಿಡಿಸಿ ಹೇಳುವುದು ಬೇಡ. ಸ್ಟೈಲೋ ನಮ್ಮನ್ನು ಪಾರು ಮಾಡಿತು ಅಂತ ನಾವು ಸುಳ್ಳು ಹೇಳುವುದಿಲ್ಲ. ಮಳೆಯಿಲ್ಲದೆ ಅದೂ ಗೇಣಿಗೇ ನಿಂತಿತ್ತು. ಆದರೂ ನಮ್ಮ ನಾಲ್ಕು ನೂರು ಮೀಟರ ಬದುವಿನಲ್ಲಿ ಕೊಯ್ದು, ಒಣಗಿಸಿ, ಕೊಳ್ಳ ತಂದ ಕಣಿಕಿಯೊಳಗೆ ಬೆರೆಸಿ ಹಾಕಿದ್ದಕ್ಕೆ ಎರಡು ಎಮ್ಮಿ ತಿಂಗಳೊಪ್ಪತ್ತು ಹಾಲು ಪೂರ್ತಿ ಬತ್ತಿಸಲಿಲ್ಲ. ಒಂದು ಸಂಜೆ ಕಾಕಾನ ಮಗ ಬದುವಿನ ಆ ಕಡೆ ಬಂದು ನಿಂತ. ಏನೂ ಕೇಳಲಿಲ್ಲ. ಅವನ ಕರು ಬಡಕಲಾದದ್ದು ನಮಗೆ ಗೊತ್ತಿತ್ತು. ಎರಡು ಹೊರೆ ಕಟ್ಟಿ ಈ ಕಡೆಯಿಂದ ಆ ಕಡೆಗೆ ಇಟ್ಟೆವು. ಮಾತು ಸುರುವಾದದ್ದು ಮಾತ್ರ ಮರುದಿನ.

೨೦೨೪ರಲ್ಲಿ ಮಳೆ ಚೆನ್ನಾಗಿ ಆದಾಗ ಬಿದ್ದ ಬೀಜದಿಂದಲೇ ಬದು ಮತ್ತೆ ತುಂಬಿತು. ನಾವು ಒಂದು ಕಾಳೂ ಹಾಕಲಿಲ್ಲ. ಕೊರಕಲು ನಿಂತಿವೆ, ನೀರು ಬಗ್ಗಡವಿಲ್ಲದೆ ನಿಧಾನ ಇಳಿಯುತ್ತದೆ.

ಇದರೊಳಗೆ ಕೊರತೆ ಇಲ್ಲವೆಂದಲ್ಲ. ಎರಿ ಹೊಲದವರು, ನೀರು ನಿಲ್ಲುವ ಜಾಗದವರು ಈ ಜಾತಿ ಹಾಕಿ ನಮ್ಮನ್ನು ಬಯ್ಯಬೇಡಿರಿ, ಇದು ಮಸಾರಿ-ಗರಸಿನ ಗಿಡ. ಬದುವಿನ ಅಂಚಿನ ಎರಡು ಸಾಲಿಗೆ ಬೀಜ ಸಿಡಿದು ಹುಟ್ಟುತ್ತದೆ, ಎಡಿ ಹೊಡೆಯುವಾಗ ಹೋಗುತ್ತದೆ, ಅಷ್ಟು ಕೆಲಸ ಹೆಚ್ಚು. ಹಾವಿನ ಭಯ ಹೇಳುವವರಿದ್ದಾರೆ, ಅದು ಖರೆ. ಹೊದಿಕೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಡೆಯುವ ದಾರಿ ಬೋಳಾಗಿಡಿರಿ, ರಾತ್ರಿ ಬ್ಯಾಟರಿ ಹಿಡಿದು ಹೋಗಿರಿ. ಇನ್ನೊಂದು, ಇದು ಹೊರಗಿನ ಗಿಡ. ಎಲ್ಲಾ ಕಡೆ ಇದನ್ನೇ ತುಂಬಿದರೆ ನಮ್ಮ ಗಿಡಗಳಿಗೆ ಜಾಗ ಎಲ್ಲಿ? ನಾವು ಹತ್ತು ಮಾರಿಗೊಮ್ಮೆ ಎರಡು ಮಾರು ಏನೂ ಹಾಕದೆ ಬಿಟ್ಟಿದ್ದೇವೆ. ಎಣ್ಣಿ ನಿಲ್ಲಿಸಿದ ಎರಡನೇ ವರ್ಷ ಅಲ್ಲಿ ತುಂಬಿ ತಾನೇ ಎದ್ದಿತು. ಅವ್ವನ ಪೂಜೆಗೆ ಹೂ ಆದವು. ಅವ್ವ ಹೊಗಳಲಿಲ್ಲ, ಇದು ಮೊದಲ ಇರಬೇಕಿತ್ತು ಅಂದರು.

ಈಗ ಸಂಘದ ಮಾತು. ಆಡಳಿತ ಮಂಡಳಿಯ ಸಭೆಯಲ್ಲಿ ನಾವು ಈ ಬೀಜವನ್ನು ಗೋದಾಮಿನಲ್ಲಿ ಇಡೋಣ ಅಂದಾಗ ಒಬ್ಬ ಹಿರಿಯ ನಿರ್ದೇಶಕರು, “ಇದರಾಗ ಸಂಘಕ್ಕ ಏನು ಉಳಿತೈತಿ?” ಅಂದರು. ಅವರು ಕೇಳಿದ್ದು ತಪ್ಪಲ್ಲ. ಕಸದೆಣ್ಣಿಯಲ್ಲಿ ಡಬ್ಬಿಗೆ ಇಷ್ಟು ಅಂತ ಉಳಿಯುತ್ತದೆ, ಅದರಿಂದ ಗುಮಾಸ್ತರ ಪಗಾರಕ್ಕೆ ಆಸರೆ. ಗ್ಲೈಫೋಸೇಟ್ ಎಂಬ ಕಸದೆಣ್ಣಿಯನ್ನು ತರಬೇತಿ ಪಡೆದ ಕೀಟ ನಿಯಂತ್ರಣದವರು ಬಿಟ್ಟು ಬೇರೆಯವರು ಬಳಸಬಾರದು ಅಂತ ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರದಲ್ಲಿ ಅಧಿಸೂಚನೆ ಹೊರಡಿಸಿತು. ಆ ಕಾಗದವನ್ನು ಸಭೆಯಲ್ಲಿ ಓದಿದೆವು. ಬೆಳೆಯೊಳಗಿನ ಕಸಕ್ಕೆ ಏನು ಮಾಡಬೇಕು ಅನ್ನುವುದು ಬೇರೆ ಚರ್ಚೆ, ಆಳು ಸಿಗದ ಕಾಲ, ನಮಗೂ ಗೊತ್ತು. ನಾವು ಕೇಳಿದ್ದು ಬದುವನ್ನಷ್ಟೇ ಬಿಡಿ ಅಂತ. ಮೂರು ಸಭೆ ಆದವ ಮ್ಯಾಲೆ ಒಂದು ಠರಾವು ಆಯಿತು. ಬೀಜ ಮಾರುವುದಲ್ಲ, ಕಡ ಕೊಡುವುದು. ೧೦೦ ಗ್ರಾಂ ಒಯ್ದವರು ಎರಡು ವರ್ಷದೊಳಗೆ ೧೫೦ ಗ್ರಾಂ ತಿರುಗಿ ಕೊಡಬೇಕು. ನಮ್ಮ ಸಂಘದಲ್ಲಿ ಸುಸ್ತಿ ಆದರೂ ಕೋರ್ಟಿಗೆ ಹೋಗದ ಸಾಲ ಇದೊಂದೇ.

ಬೀಜ ಕೂಡಿಸುವ ರೀತಿ ನಾವು ಕೇಳಿ ತಿಳಿದದ್ದು ಅನಂತಪುರದವರದು. ಆಂಧ್ರದ ಆ ಜಿಲ್ಲೆಯ ಒಣ ಹೊಲಗಳ ರೈತರು ಈ ಬೀಜ ಬೆಳೆದು ದೇಶದ ಬೇರೆ ಬೇರೆ ಕಡೆಗೆ ಕಳಿಸುತ್ತಾರೆ. ಬೀಜ ಗಿಡದಲ್ಲಿ ನಿಲ್ಲುವುದಿಲ್ಲ, ನೆಲಕ್ಕೆ ಉದುರುತ್ತದೆ. ಗಿಡ ಒಣಗಿದ ಮೇಲೆ ಕೊಯ್ದು ತೆಗೆದು, ನೆಲವನ್ನು ಕಸಬರಿಗಿಯಿಂದ ಗುಡಿಸಿ, ಮಣ್ಣು ಸಮೇತ ತುಂಬಿ, ಸಾಣಿಸಿ ತೂರುತ್ತಾರೆ. ನಮ್ಮ ಮನೆಯ ಹೆಣ್ಣುಮಕ್ಕಳೂ ಹಾಗೇ ಮಾಡಿದರು. ಬದುವಿನ ಮೇಲೆ ಗುಡಿಸುವುದು ಅಂಗಳ ಗುಡಿಸಿದಷ್ಟು ಸಲೀಸಲ್ಲ, ಆ ಕೆಲಸದ ಹೆಸರು ಅವರಿಗೇ ಸೇರಬೇಕು. ಗುಡಿಸಿದ ಮೇಲೂ ನೆಲದಲ್ಲಿ ಬೇಕಾದಷ್ಟು ಉಳಿಯುತ್ತದೆ.

ಹೀಗೆ ಕೂಡಿಸಿದ ೯ ಕಿಲೋ ಬೀಜ ಈಗ ಗೋದಾಮಿನ ಬಲಗಡೆ ಮೂಲೆಯಲ್ಲಿ ತಗಡಿನ ಡಬ್ಬಿಯಲ್ಲಿದೆ, ಅಂದರೆ ತೊಂಬತ್ತು ಮಂದಿಗೆ ಆಗುತ್ತದೆ. ಸೋಮವಾರದಿಂದ ಗುಮಾಸ್ತರು ಹೆಸರು ಬರೆದುಕೊಳ್ಳುತ್ತಾರೆ, ಚೀಲ ನೀವೇ ತರಬೇಕು. ಪುಸ್ತಕದಲ್ಲಿ ಮೊದಲನೇ ಹೆಸರು ಕಾಕಾನ ಮಗ ನಿನ್ನೆಯೇ ಬರೆಸಿದ್ದಾನೆ, ಅವನ ಕಡೆಯ ಅರ್ಧ ಬದುವಿಗೆ. ಬಿಸಿನೀರಿನ ಲೆಕ್ಕ ಮರೆತವರು ನಮ್ಮನ್ನು ಕೇಳಬೇಡಿರಿ, ನಮ್ಮ ಮನಿಯವರನ್ನು ಕೇಳರಿ.